ಸೌಂಡ್‌ಬಾರ್ ಬದಲಿಸುವಾಗ: ಹಳೇ ಪವರ್ ಕಾರ್ಡ್ ಆಗುತ್ತಾ, ವೈರ್ ಎಲ್ಲಿ ಅಡಗಿಸೋದು?

"ಹಳೇ ಕಾರ್ಡ್ ಪ್ಯಾನೆಲ್ ಹಿಂದೇನೇ ಇದೆ. ಹೊಸ ಬಾರ್‌ಗೂ ಅದನ್ನೇ ಚುಚ್ಚಿದ್ರೆ ಆಯ್ತಲ್ವಾ?"

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಅಕ್ಕನ ಮನೆಗೆ ಹೊಸ ಸೌಂಡ್‌ಬಾರ್ (ಟಿವಿ ಕೆಳಗೆ ಕೂರುವ ಉದ್ದನೆಯ ಸ್ಪೀಕರ್) ಬಂದ ದಿನ ಭಾವ ಫೋನ್ ಮಾಡಿ ಕೇಳಿದ್ದು ಇದನ್ನೇ. ಬಾಸ್ ಹೇಗಿದೆ, ಸುತ್ತಲಿಂದ ಸದ್ದು ಕೇಳಿಸೋ ಅಟ್ಮಾಸ್ ಇದೆಯಾ ಅನ್ನೋದೆಲ್ಲ ಆಮೇಲೆ. ಅವರ ಚಿಂತೆ ಬೇರೆಯೇ ಇತ್ತು. 5 ವರ್ಷದ ಹಿಂದೆ ಟಿವಿ ಗೋಡೆಗೆ ಪ್ಲೈವುಡ್ ಪ್ಯಾನೆಲ್ ಹೊಡೆಸಿದ್ದರು. ಹಳೇ ಬಾರ್‌ನ ಪವರ್ ಕಾರ್ಡ್ ಆ ಪ್ಯಾನೆಲ್ ಹಿಂದೆ ಇಳಿದು ಕೆಳಗಿನ ಪ್ಲಗ್ ಸೇರಿತ್ತು. ಅದನ್ನು ಎಳೆದು ತೆಗೆಯೋದು, ಹೊಸದನ್ನು ತೂರಿಸೋದು ದೊಡ್ಡ ರಗಳೆ. ಹೊಸ ಬಾರ್ ಹಿಂದೆ ನೋಡಿದರೆ ಅದೇ ಆಕಾರದ ತೂತು. ಚುಚ್ಚಿದ್ದಾರೆ, ಸರಿಯಾಗಿ ಕೂತಿದೆ, ಹಾಡೂ ಬಂದಿದೆ.

"ಈಗ ಆಫ್ ಮಾಡಿ ಭಾವ. ಹೊಸದರ ಜೊತೆ ಬಂದಿರೋ ಕಾರ್ಡ್ ಹಾಕಿ, ನೆಲದ ಮೇಲೆ ಬಿದ್ದಿದ್ರೂ ಪರವಾಗಿಲ್ಲ. ಸಂಜೆ ಬರ್ತೀನಿ" ಅಂದೆ.

ಸಂಜೆ ಆ ಪ್ಯಾನೆಲ್ ಹಿಂದೆ ಸಿಕ್ಕಿದ್ದು ಏನು ಅಂತ ಮುಂದೆ ಹೇಳುತ್ತೇನೆ. ಮೊದಲು ಕಾರ್ಡ್ ವಿಷಯ ಮುಗಿಸೋಣ. ತೂತಿಗೆ ಕೂತರೆ ಸಾಕು ಅಂದುಕೊಂಡು ನಾವೆಲ್ಲ ಎಡವುವುದು ಅಲ್ಲೇ.

ಪೆಟ್ಟಿಗೆ ಬಿಚ್ಚಿದ ಕೂಡಲೇ ಹಿಂಭಾಗ ನೋಡಿ

ಬಾರನ್ನು ಮಂಚದ ಮೇಲೆ ಬೋರಲು ಮಲಗಿಸಿ. ಮೆತ್ತಗಿರುತ್ತೆ, ಗೀರು ಬೀಳಲ್ಲ. ಹಿಂದೆ ಕರೆಂಟ್ ಎಲ್ಲಿಂದ ಒಳಗೆ ಹೋಗುತ್ತೆ ನೋಡಿ. ಸಾಮಾನ್ಯವಾಗಿ ಸಿಗುವುದು ಮೂರು ಬಗೆ.

ಒಂದು, ಎಂಟು ಅಂಕಿಯನ್ನು ಅಡ್ಡ ಮಲಗಿಸಿದಂತೆ ಕಾಣುವ ತೂತು, ಒಳಗೆ ಎರಡು ಕಡ್ಡಿ. ಹೆಚ್ಚಿನ ಬಾರ್‌ಗಳಲ್ಲಿ, ಸಬ್‌ವೂಫರ್‌ಗಳಲ್ಲಿ (ಬಾಸ್ ಸದ್ದಿಗೆ ಅಂತಲೇ ಇರುವ ಪೆಟ್ಟಿಗೆ) ಇರುವುದು ಇದೇ. ಅಂಗಡಿಯಲ್ಲಿ "ಟೇಪ್ ರೆಕಾರ್ಡರ್ ಕಾರ್ಡ್ ಕೊಡಿ" ಅಂದರೆ ಇದನ್ನೇ ಕೊಡುತ್ತಾರೆ. ಟೇಪ್ ರೆಕಾರ್ಡರ್ ಹೋಗಿ ಎಷ್ಟೋ ವರ್ಷ ಆಯಿತು, ಹೆಸರು ಮಾತ್ರ ಉಳಿದುಕೊಂಡಿದೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಈ ಕಾರ್ಡಿನ ತಲೆಗೆ ಸಿ7 ಅಂತ ಹೆಸರು, ತಾಳುವುದು 2.5 ಆಂಪ್. ನಮ್ಮ 230 ವೋಲ್ಟ್‌ಗೆ ಲೆಕ್ಕ ಹಾಕಿದರೆ 575 ವ್ಯಾಟ್. ಬಾರ್‌ಗೆ ಬೇಕಾದಷ್ಟಾಯಿತು.

ಎರಡು, ಅರ್ತಿಂಗ್ ಇರುವ ಮೂರು ಕಡ್ಡಿಯದು. ಮೂರೆಲೆ ಆಕಾರದ ಸಿ5 ಅಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಾರ್ಡ್. ದಪ್ಪ ತಲೆಯ ಸಿ13 ಅಂದರೆ ಕಂಪ್ಯೂಟರ್ ಕಾರ್ಡ್, 10 ಆಂಪ್‌ನದು. ಬಾರ್‌ಗಳಲ್ಲಿ ಇವು ಕಡಿಮೆ. ದೊಡ್ಡ ಸಬ್‌ವೂಫರ್‌ಗಳಲ್ಲಿ, ಹೋಂ ಥಿಯೇಟರ್ ಆ್ಯಂಪ್ಲಿಫೈಯರ್‌ಗಳಲ್ಲಿ ಕಾಣಬಹುದು.

ಮೂರು, ದುಂಡಗಿನ ಸಣ್ಣ ತೂತು. ಇದಕ್ಕೆ ಗೋಡೆಯ ಕರೆಂಟ್ ನೇರವಾಗಿ ಹೋಗಲ್ಲ, ನಡುವೆ ಅಡಾಪ್ಟರ್ ಬೇಕು. ಹೆಚ್ಚು ಯಡವಟ್ಟು ಆಗುವುದು ಇದರಲ್ಲೇ.

ಹತ್ತಿರದಲ್ಲೇ ಒಂದು ಚೀಟಿ ಅಂಟಿಸಿರುತ್ತಾರೆ. ಎಷ್ಟು ವೋಲ್ಟ್, ಎಷ್ಟು ಹರ್ಟ್ಸ್, ಎಷ್ಟು ವ್ಯಾಟ್ ಅಂತ ಇರುತ್ತದೆ. ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಬಾರನ್ನು ಗೋಡೆಗೆ ತಗುಲಿಸಿದ ಮೇಲೆ ಅದು ಕಾಣಲ್ಲ.

ಈ ಚೀಟಿಯ ವ್ಯಾಟ್ ನೋಡಿ ಭಾವನಿಗೆ ಸಿಟ್ಟು ಬಂದಿತ್ತು. ಪೆಟ್ಟಿಗೆ ಮೇಲೆ 300 ವ್ಯಾಟ್ ಅಂತ ದೊಡ್ಡದಾಗಿದೆ, ಹಿಂದೆ 40 ಅಂತಿದೆ, ಮೋಸ ಅಲ್ವಾ ಅಂದರು. ಮೋಸ ಅಂತಲ್ಲ. ಪೆಟ್ಟಿಗೆ ಮೇಲಿನದು ಸದ್ದಿನ ಲೆಕ್ಕ, ಒಂದು ಕ್ಷಣಕ್ಕೆ ಎಷ್ಟು ಏರಬಹುದು ಅನ್ನುವುದು. ಹಿಂದಿನದು ಕರೆಂಟ್ ಎಳೆಯುವ ಲೆಕ್ಕ. ಕಾರ್ಡ್ ಆರಿಸುವಾಗ ನಮಗೆ ಬೇಕಾದದ್ದು ಎರಡನೆಯದು. 40 ವ್ಯಾಟ್ ಅಂದರೆ 0.2 ಆಂಪ್ ಕೂಡ ಇಲ್ಲ.

ಚೀಟಿಯಲ್ಲಿ ಚೌಕದೊಳಗೆ ಇನ್ನೊಂದು ಚೌಕ ಇದ್ದರೆ ಅದು ಡಬಲ್ ಇನ್ಸುಲೇಷನ್ ಇರುವ ಸಾಧನ, ಅರ್ತಿಂಗ್ ಬೇಕಿಲ್ಲ. ಎರಡು ಕಡ್ಡಿಯ ಕಾರ್ಡ್ ಬಂದಿದೆ ಅಂತ ಗಾಬರಿಯಾಗಬೇಡಿ. ಮೂರು ಕಡ್ಡಿಯದು ಬಂದಿದ್ದರೆ ಮಾತ್ರ ಅರ್ತಿಂಗ್ ಇರಲೇಬೇಕು. ದಪ್ಪ ಕಡ್ಡಿ ಮುರಿದು ಎರಡು ಪಿನ್ ಬೋರ್ಡಿಗೆ ತುರುಕುವುದು, ಮೂರು ಪಿನ್ನನ್ನು ಎರಡು ಮಾಡುವ ಪರಿವರ್ತಕ ಹಾಕುವುದು ಬೇಡ. ಇದೇ ನೆಪದಲ್ಲಿ ಇನ್ನೊಂದು ಮಾತು. ಮಳೆ ಕಡಿಮೆ ಇರುವ ನಮ್ಮ ಬಯಲುಸೀಮೆಯಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗಿ ಹೋಗುತ್ತೆ. ಉಪ್ಪು, ಇದ್ದಿಲು ಹಾಕಿದ ಹಳೇ ಮಾದರಿಯ ಗುಂಡಿಯಾದರೆ ಆಗಾಗ ಒಂದೆರಡು ಬಿಂದಿಗೆ ನೀರು ಹುಯ್ಯಿರಿ. ಬೋರ್‌ವೆಲ್ ನೀರು ಉಳಿಸೋ ಊರಲ್ಲಿ ಇದು ದುಬಾರಿ ಅನ್ನಿಸಬಹುದು, ಹುಯ್ಯಿರಿ.

ಹಳೇ ಕಾರ್ಡ್ ಬಳಸಬಹುದಾ?

ಬಳಸಬಹುದು. ಆದರೆ ಈ ತುದಿಯಿಂದ ಆ ತುದಿಯವರೆಗೆ ಕೈಯಲ್ಲಿ ಹಿಡಿದು ನೋಡಿದ ಮೇಲೆ. ಕಣ್ಣಿಗೆ ಕಾಣದ ಕಾರ್ಡಿಗೆ ನಾನಂತೂ ಹೊಸ ಸಾಮಾನು ಜೋಡಿಸಲ್ಲ.

ಎರಡೂ ತುದಿಯ ಪ್ಲಾಸ್ಟಿಕ್ ಮೇಲೆ ಅಚ್ಚೊತ್ತಿದ ಅಕ್ಷರ ಓದಿ. ಕನಿಷ್ಠ 2.5 ಆಂಪ್, 250 ವೋಲ್ಟ್ ಅಂತ ಇರಬೇಕು. ವೈರ್ ಮೇಲೆ ಸಾಮಾನ್ಯವಾಗಿ 0.75 ಚದರ ಮಿಲಿಮೀಟರ್ ಅಂತ ಬರೆದಿರುತ್ತದೆ, ಅದು ಸಾಕು. ಐಎಸ್‌ಐ ಗುರುತು ನೋಡಿ. ವೈರಿಗೆ ಐಎಸ್ 694, ಪ್ಲಗ್ಗಿಗೆ ಐಎಸ್ 1293. ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಅನುಮಾನ ಬಂದರೆ, ಈ ಗುರುತು ಕೊಡುವ ಸಂಸ್ಥೆಯಾದ ಬಿಐಎಸ್‌ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತೆ. ಏನೂ ಬರೆದಿಲ್ಲದ, ದಾರದಂತೆ ಹಗುರಾಗಿರುವ ಕಾರ್ಡ್ ಆದರೆ ಗುಜರಿಗೆ ಹಾಕಿ.

ಆಮೇಲೆ ಬಗ್ಗಿಸಿ ನೋಡಿ. ಒಳ್ಳೆ ವೈರ್ ಮೆತ್ತಗೆ ಬಾಗುತ್ತೆ. ಗಡುಸಾಗಿದ್ದರೆ, ಬಗ್ಗಿಸಿದ ಕಡೆ ಬಿಳಿ ಗೆರೆ ಬಿದ್ದರೆ ಅದರ ಆಯಸ್ಸು ಮುಗಿದಿದೆ. ತಲೆಯನ್ನು ಬಾರ್‌ಗೆ ಚುಚ್ಚಿ ಸ್ವಲ್ಪ ಅಲ್ಲಾಡಿಸಿ. ತಾನಾಗೇ ಜಾರಿ ಬಂದರೆ ಒಳಗಿನ ಹಿಡಿತ ಹೋಗಿದೆ ಅಂತ ಅರ್ಥ. ಹೊಸ ಕಾರ್ಡಿಗೆ ನೂರಿನ್ನೂರು ರೂಪಾಯಿ ಆಗಬಹುದು. ಇದರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಎಂಟರ ಆಕಾರದ ಕಾರ್ಡಿನಲ್ಲಿ ಒಂದು ಪಾಸಂಗ ಇದೆ. ಕೆಲವದರ ಒಂದು ಬದಿ ದುಂಡಗಿರದೆ ಚೌಕವಾಗಿರುತ್ತೆ. ಅದು ಎರಡೂ ಬದಿ ದುಂಡಗಿರುವ ತೂತಿಗೆ ಹೋಗಲ್ಲ. ಬ್ಲೇಡಿನಲ್ಲಿ ಕೆತ್ತಿ ತೂರಿಸಿದವರನ್ನು ನೋಡಿದ್ದೇನೆ. ಬೇಡ, ಸರಿಯಾದದ್ದು ತನ್ನಿ.

ಅಡಾಪ್ಟರ್ ಇದ್ದರೆ

ದುಂಡು ಪಿನ್ ಎಲ್ಲಾ ಒಂದೇ ಥರ ಕಾಣುತ್ತೆ. ಹೊರಗಿನ ಅಳತೆ ಬಹಳಷ್ಟರಲ್ಲಿ 5.5 ಮಿಲಿಮೀಟರ್. ರೂಟರ್, ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್ ಎಲ್ಲಾ ಒಂದರದ್ದು ಇನ್ನೊಂದಕ್ಕೆ ಕೂರಬಹುದು. ಆದರೆ ಒಂದು 12 ವೋಲ್ಟ್, ಇನ್ನೊಂದು 19, ಮತ್ತೊಂದು 24.

ನನ್ನ ಮನೆಯಲ್ಲೇ ಆಗಿದ್ದು. ಧೂಳು ಒರೆಸುವಾಗ ಎಲ್ಲಾ ಕಿತ್ತಿಟ್ಟು ಮತ್ತೆ ಜೋಡಿಸುವಾಗ, 19 ವೋಲ್ಟ್ ಬೇಕಾದ ಬಾರ್‌ಗೆ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರ್ ಹಾಕಿಬಿಟ್ಟೆ. ದೀಪ ಹತ್ತಿತು. ಸಣ್ಣ ಸದ್ದಿನಲ್ಲಿ ವಾರ್ತೆಯೂ ಕೇಳಿಸಿತು. ವಾಲ್ಯೂಮ್ ಏರಿಸಿದ ಕೂಡಲೇ ಟಕ್ ಅಂತ ಆಫ್. ಮತ್ತೆ ಆನ್, ಮತ್ತೆ ಆಫ್. ಬಾರ್ ಕೆಟ್ಟಿದೆ ಅಂತ ಅರ್ಧ ದಿನ ತಲೆ ಕೆಡಿಸಿಕೊಂಡೆ. ಸದ್ಯ, ತಪ್ಪು ಆ ಕಡೆಗೆ ಆಗಿತ್ತು. 12 ವೋಲ್ಟ್ ಸಾಮಾನಿಗೆ 19 ಅಥವಾ 24 ಹೋಗಿದ್ದರೆ ಹೊಗೆ ನೋಡಬೇಕಾಗಿತ್ತು.

ಹಾಗಾಗಿ ಲೆಕ್ಕ ಇಷ್ಟು. ವೋಲ್ಟ್ ತದ್ರೂಪ ಅದೇ ಇರಬೇಕು. ಆಂಪ್ ಬಾರ್ ಕೇಳಿದಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನಡೆಯುತ್ತೆ, ಕಡಿಮೆ ಇರಬಾರದು. ಚೀಟಿಯಲ್ಲಿ ಚುಕ್ಕೆಯ ಸುತ್ತ ಅರ್ಧವೃತ್ತ, ಎರಡು ಬದಿಗೆ ಪ್ಲಸ್ಸು ಮೈನಸ್ಸು ಇರುವ ಚಿತ್ರ ಇರುತ್ತೆ. ನಡುವಿನ ಕಡ್ಡಿ ಯಾವುದು ಅಂತ ಹೇಳುವ ಚಿತ್ರ ಅದು. ಬಾರ್ ಮೇಲೂ ಅಡಾಪ್ಟರ್ ಮೇಲೂ ಒಂದೇ ಇರಬೇಕು. ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ ನೋಂದಣಿ ನಂಬರ್ ಇದೆಯಾ ಅಂತಲೂ ನೋಡಿ. ಬಾರ್ ಜೊತೆ ಬಂದ ಅಡಾಪ್ಟರ್ ಸಿಕ್ಕಿದರೆ ಈ ಯಾವ ತಲೆನೋವೂ ಇಲ್ಲ. ಈಗ ನಮ್ಮ ಮನೆಯಲ್ಲಿ ಪ್ರತಿ ಅಡಾಪ್ಟರ್ ತಲೆಯ ಮೇಲೂ ಒಂದು ಬಿಳಿ ಪ್ಲಾಸ್ಟರ್ ಇದೆ, ಪೆನ್ನಿನಲ್ಲಿ ಹೆಸರು ಬರೆದಿದೆ. ನೋಡೋಕೆ ಚೆನ್ನಾಗಿಲ್ಲ, ಇರಲಿ.

ಹೊರದೇಶದಿಂದ ಬಂದ ಬಾರ್

ಅಮೆರಿಕದಲ್ಲೋ ದುಬೈಯಲ್ಲೋ ಇರುವ ನೆಂಟರು ಹೊತ್ತು ತಂದ ಬಾರ್ ಆದರೆ ಮೊದಲು ಚೀಟಿ ಓದಿ. 100–240 ವೋಲ್ಟ್ ಅಂತಿದ್ದರೆ ಸರಿ. ಬರೀ 120 ಅಂತಿದ್ದರೆ ನಮ್ಮ ಗೋಡೆಗೆ ಚುಚ್ಚಲೇಬೇಡಿ. ಬಾರ್ ಸರಿ ಇದ್ದರೂ ಅದರ ಜೊತೆ ಬಂದ ಅಮೆರಿಕದ ಕಾರ್ಡ್ ಮೇಲೆ 125 ವೋಲ್ಟ್ ಅಂತ ಬರೆದಿರುತ್ತೆ. ಅದನ್ನು ಪಕ್ಕಕ್ಕಿಟ್ಟು ನಮ್ಮ ಪ್ಲಗ್ಗಿನ ಟೇಪ್ ರೆಕಾರ್ಡರ್ ಕಾರ್ಡ್ ತನ್ನಿ. ದುಬೈಯ ಚಪ್ಪಟೆ ಮೂರು ಕಡ್ಡಿಗೂ ಇದೇ ಮಾತು. ಪ್ರವಾಸಕ್ಕೆ ಅಂತ ಕೊಳ್ಳುವ ಪ್ಲಗ್ ಪರಿವರ್ತಕ ವರ್ಷಗಟ್ಟಲೆ ಪ್ಯಾನೆಲ್ ಹಿಂದೆ ಬಿಡುವ ಸಾಮಾನಲ್ಲ.

ಇಲ್ಲೇ ಕೊಂಡ ಬಾರ್‌ಗಳ ಜೊತೆಗೂ ಕೆಲವೊಮ್ಮೆ ಯೂರೋಪ್ ಮಾದರಿಯ ಎರಡು ಪಿನ್ ಕಾರ್ಡ್ ಬರುತ್ತೆ. ಅದರ ಕಡ್ಡಿ 4 ಮಿಲಿಮೀಟರ್ ದಪ್ಪ. ನಮ್ಮ 6 ಆಂಪ್ ಮೂರು ಪಿನ್ನಿನ ಚಿಕ್ಕ ಕಡ್ಡಿ 5 ಮಿಲಿಮೀಟರ್ ಮೇಲಿದೆ. ಹಳೇ ಸಾಕೆಟ್ಟಿನಲ್ಲಿ ಆ ಸಣ್ಣ ಕಡ್ಡಿ ಲೊಡಲೊಡ ಅಲ್ಲಾಡುತ್ತೆ. ಅಲ್ಲಾಡಿದರೆ ಸಾಕೆಟ್ ಬದಲಿಸಿ.

ಪ್ಲಗ್ ಎಷ್ಟು ಬೇಕು, ಬೆರಳು ಮಡಿಸಿ ಎಣಿಸಿ

ಟಿವಿ ಒಂದು. ಸೆಟ್‌ಟಾಪ್ ಬಾಕ್ಸ್ ಎರಡು. ವೈಫೈ ರೂಟರ್ ಮೂರು. ಬಾರ್ ನಾಲ್ಕು. ಸಬ್‌ವೂಫರ್ ಐದು. ವೈರ್‌ಲೆಸ್ ಸಬ್‌ವೂಫರ್ ಅಂತ ಬರೆದಿದ್ದರೂ ಅದಕ್ಕೆ ಕರೆಂಟ್ ಬೇಕು. ವೈರ್ ಇಲ್ಲದೆ ಬರುವುದು ಸದ್ದು ಮಾತ್ರ. ಭಾವ ಇದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಅಕ್ಕ ಸಬ್‌ವೂಫರನ್ನು ಸೋಫಾ ಪಕ್ಕ, ದೇವರ ಮನೆ ಬಾಗಿಲ ಹತ್ತಿರ ಇಡಿಸಿದ್ದಳು. ಅಲ್ಲಿ ಪ್ಲಗ್ಗೇ ಇಲ್ಲ. ಕೊನೆಗೆ ಅದು ಟಿವಿ ಪಕ್ಕಕ್ಕೇ ಬಂತು.

ಒಂದೇ ಬೋರ್ಡಿಗೆ ಐದು ಹಾಕಿದರೆ ಲೋಡ್ ಜಾಸ್ತಿ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. 6 ಆಂಪ್ ಸಾಕೆಟ್ ಅಂದರೆ 1380 ವ್ಯಾಟ್. ಮೇಲಿನ ಐದೂ ಸೇರಿದರೂ ಸಾಮಾನ್ಯ ಮನೆಯಲ್ಲಿ 200, 250 ವ್ಯಾಟ್ ದಾಟುವುದು ಅಪರೂಪ. ಬೆಂಕಿಯ ಭಯ ಇರುವುದು ಸಡಿಲ ಜೋಡಣೆಯಲ್ಲಿ. 1 ಆಂಪ್ ಹರಿಯುವ ದಾರಿಯಲ್ಲಿ ಎಲ್ಲೋ ಸಡಿಲವಾಗಿ 5 ಓಮ್ ತಡೆ ಬಂತು ಅಂದುಕೊಳ್ಳಿ. ಅಲ್ಲಿ 5 ವ್ಯಾಟ್ ಬಿಸಿ ಹುಟ್ಟುತ್ತೆ, ಸಾಸಿವೆ ಕಾಳಿನಷ್ಟು ಜಾಗದಲ್ಲಿ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಸೀಸ ಕರಗಿಸುತ್ತೆ. ಹಾಗಿದ್ದ ಮೇಲೆ ಗಾಳಿಯಾಡದ ಪ್ಲೈವುಡ್ ಹಿಂದೆ, ದಿನಕ್ಕೆ ಆರು ಗಂಟೆ, ಆ 5 ವ್ಯಾಟ್ ಏನು ಮಾಡಬಹುದು ನೀವೇ ಯೋಚಿಸಿ.

ಎಕ್ಸ್‌ಟೆನ್ಷನ್ ಬಾಕ್ಸ್ ಬಳಸುವುದಾದರೆ ಐಎಸ್‌ಐ ಗುರುತಿನದ್ದು, ಒಂದೇ ಒಂದು. ಒಂದರ ಬಾಲಕ್ಕೆ ಇನ್ನೊಂದು ಕಟ್ಟಬೇಡಿ. ಗಣೇಶನ ಹಬ್ಬಕ್ಕೆ ಸೀರಿಯಲ್ ಸೆಟ್, ಅವಸರಕ್ಕೆ ಇಸ್ತ್ರಿ ಪೆಟ್ಟಿಗೆ, ಇವನ್ನೆಲ್ಲ ಟಿವಿ ಬಾಕ್ಸಿಗೇ ಚುಚ್ಚುವ ಅಭ್ಯಾಸ ಇದ್ದರೆ ಬಿಡಿಸಿ. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಸೇರಿದರೆ ಮೇಲೆ ಹೇಳಿದ ಲೆಕ್ಕ 1380ರ ಅಂಚಿಗೇ ಬಂದುಬಿಡುತ್ತೆ.

ಪ್ಯಾನೆಲ್ ಹಿಂದೆ ಸಿಕ್ಕಿದ್ದು

ಈಗ ಅಕ್ಕನ ಮನೆಗೆ ಬರೋಣ. ಮೈನ್ ಆಫ್ ಮಾಡಿ, ಕೆಳಗಿನ ಪ್ಲೈವುಡ್ ಹಲಗೆಯ ನಾಲ್ಕು ಸ್ಕ್ರೂ ಬಿಚ್ಚಿದೆವು. ಭಾವ ಮೊಬೈಲ್ ಟಾರ್ಚ್ ಹಿಡಿದರು. ಧೂಳು, ಹಲ್ಲಿ ಹಿಕ್ಕೆ, ಒಂದು ಸತ್ತ ಜಿರಳೆ. ಅದರ ನಡುವೆ ಹಳೇ ಕಾರ್ಡ್.

ಮೇಲಿನಿಂದ ಬಂದ ಕಪ್ಪು ಕಾರ್ಡ್ ಅರ್ಧ ದಾರಿಯಲ್ಲಿ ನಿಂತಿತ್ತು. ಅಲ್ಲಿಂದ ಕೆಳಕ್ಕೆ ಬೇರೆಯೇ ಬಿಳಿ ವೈರ್, ಕಾಲಿಂಗ್ ಬೆಲ್ಲಿಗೆ ಹಾಕುವಂಥ ತೆಳ್ಳನೆಯದು. ಕಾರ್ಡ್ ಉದ್ದ ಸಾಲದೆ ಅಂದು ಪ್ಯಾನೆಲ್ ಹೊಡೆದವರು ಕತ್ತರಿಸಿ ಜೋಡಿಸಿದ್ದರು. ಹೊಸೆದು ಟೇಪ್ ಸುತ್ತಿದ್ದಾರೆ, ಅಷ್ಟೇ. ಆ ಟೇಪಿನ ಅಂಟು ಬೇಸಿಗೆಗೆ ಕರಗಿ ಬೆಲ್ಲದ ಪಾಕದಂತಾಗಿತ್ತು. ಮುಟ್ಟಿದ ಕೂಡಲೇ ಕಾಲುಚೀಲ ಜಾರಿದಂತೆ ಜಾರಿತು. ಒಳಗೆ ಎರಡು ತಾಮ್ರದ ಗಂಟು, ಒಂದಕ್ಕೂ ಇನ್ನೊಂದಕ್ಕೂ ಅಕ್ಕಿ ಕಾಳು ಹಿಡಿಯುವಷ್ಟು ಸಂದು. ಸ್ವಲ್ಪ ಕೆಳಗೆ ಬಿಳಿ ವೈರ್ ಮೇಲೆ ಇಲಿ ಹಲ್ಲಿನ ಗುರುತು.

ಸುಟ್ಟಿರಲಿಲ್ಲ. ಹಳೇ ಬಾರ್ ಎಳೆಯುತ್ತಿದ್ದ ಕರೆಂಟ್ ಅಷ್ಟು ಕಡಿಮೆ, ಅದೇ ಪುಣ್ಯ. ಭಾವ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ "ಇದನ್ನ ನಿಮ್ಮಕ್ಕನಿಗೆ ತೋರಿಸಬೇಡ" ಅಂದರು. ಅಕ್ಕ ಹಿಂದೇನೇ ನಿಂತಿದ್ದಳು.

ಅಂದಿನಿಂದ ನಾನು ಯಾರಿಗೆ ಹೇಳಿದರೂ ಹೇಳುವುದು ಒಂದೇ ಮಾತು. ವೈರನ್ನು ಬೇಕಾದ ಹಾಗೆ ಅಡಗಿಸಿ, ಜೋಡಣೆಯನ್ನು ಅಡಗಿಸಬೇಡಿ. ಪ್ಲಗ್, ಅಡಾಪ್ಟರ್, ಎಕ್ಸ್‌ಟೆನ್ಷನ್ ಬಾಕ್ಸ್, ಇವು ಮೂರೂ ಸ್ಕ್ರೂ ಡ್ರೈವರ್ ಇಲ್ಲದೆ ಕೈಗೆ ಸಿಗಬೇಕು. ಕಾರ್ಡ್ ಸಾಲದಿದ್ದರೆ ಉದ್ದದ ಕಾರ್ಡ್ ತನ್ನಿ, 3 ಮೀಟರಿನದೂ ಸಿಗುತ್ತೆ.

ಅಡಗಿಸುವುದು ಹೇಗೆ

ಇಂಟರ್ನೆಟ್ಟಿನ ವಿಡಿಯೊ ನೋಡಿ ಮೋಸ ಹೋಗಬೇಡಿ. ಅಮೆರಿಕದ ಮನೆಗಳ ಒಳಗೋಡೆ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದ ಟೊಳ್ಳು ಗೋಡೆ. ಅಲ್ಲಿ ಮೇಲೊಂದು ತೂತು, ಕೆಳಗೊಂದು ತೂತು ಮಾಡಿ ವೈರ್ ಇಳಿಬಿಡುತ್ತಾರೆ. ಸಾಮಾನಿನ ಜೊತೆ ಬಂದ ಪವರ್ ಕಾರ್ಡನ್ನು ಗೋಡೆಯೊಳಗೆ ಬಿಡಲು ಅಲ್ಲಿನ ನಿಯಮವೂ ಒಪ್ಪಲ್ಲ. ನಮ್ಮದು ಇಟ್ಟಿಗೆ, ಸಿಮೆಂಟ್ ಬ್ಲಾಕ್, ಹಳೇ ಮನೆಯಾದರೆ ಸೈಜುಗಲ್ಲು. ನಮ್ಮ ದಾರಿ ಬೇರೆ.

*ಕೇಸಿಂಗ್ ಪಟ್ಟಿ.* ನನ್ನ ಮೊದಲ ಆಯ್ಕೆ ಇದು. ಬಾಡಿಗೆ ಮನೆಗಂತೂ ಇದೇ. ಪಿವಿಸಿ ಪಟ್ಟಿಯನ್ನು ಗೋಡೆಗೆ ಸ್ಕ್ರೂ ಹೊಡೆದು ಕೂರಿಸಿ, ಕಾರ್ಡ್ ಒಳಗಿಟ್ಟು, ಮೇಲೆ ಮುಚ್ಚಳ ಒತ್ತುವುದು. ತೆರೆದ ಪಟ್ಟಿಯಲ್ಲಿ ಕಾರ್ಡನ್ನು ಮಲಗಿಸುವುದರಿಂದ ಅದರ ತಲೆ ಕತ್ತರಿಸುವ ಪ್ರಶ್ನೆಯೇ ಬರಲ್ಲ. 1 ಇಂಚಿನ ಪಟ್ಟಿ ಸಾಕು. ಗೋಡೆಯ ಬಣ್ಣವನ್ನೇ ಪಟ್ಟಿಗೂ ಒಂದು ಕೈ ಬಳಿದರೆ ಸೋಫಾದಿಂದ ಕಾಣುವುದೇ ಇಲ್ಲ. ಹಿಂದೆ ಅಂಟು ಇರುವ ಪಟ್ಟಿ ಸುಣ್ಣದ ಗೋಡೆಗೆ ನಿಲ್ಲಲ್ಲ, ಸುಣ್ಣದ ಸಮೇತ ಎದ್ದು ಬರುತ್ತೆ. ಕಲ್ಲಿನ ಗೋಡೆಗೆ ಕಲ್ಲಿನ ಬದಲು ನಡುವಿನ ಗಾರೆ ಸಂದಿಯಲ್ಲಿ ಡ್ರಿಲ್ ಮಾಡಿದರೆ ಡ್ರಿಲ್ಲಿನ ಮೊನೆಯೂ ಉಳಿಯುತ್ತೆ, ಕಿವಿಯೂ ಉಳಿಯುತ್ತೆ.

*ಹೊಸ ಸಾಕೆಟ್ ಪಾಯಿಂಟ್.* ಸ್ವಂತ ಮನೆ, ಬಣ್ಣ ಹೊಡೆಸುವ ಯೋಚನೆಯೂ ಇದೆ ಅಂದರೆ ಇದು ಎಲ್ಲಕ್ಕಿಂತ ಚೊಕ್ಕ ಕೆಲಸ. ಎಲೆಕ್ಟ್ರಿಷಿಯನ್ ಗೋಡೆ ಕಟಿಂಗ್ ಹೊಡೆದು, ಪಿವಿಸಿ ಪೈಪ್ ಕೂರಿಸಿ, ಮನೆ ವೈರಿಂಗಿನ ವೈರ್ ಎಳೆದು, ಬಾರ್ ಬರುವ ಜಾಗದ ಹಿಂದೆ ಅಥವಾ ಒಂದು ಬದಿಗೆ ಸಾಕೆಟ್ ಕೊಡುತ್ತಾರೆ. ಬಾರ್‌ನ ಕಾರ್ಡ್ ಗೇಣುದ್ದ ಮಾತ್ರ ಹೊರಗಿರುತ್ತೆ. ಸಾಕೆಟ್ ಸರಿಯಾಗಿ ಬಾರ್‌ನ ಬೆನ್ನಿಗೇ ಬಂದರೆ ಪ್ಲಗ್ ಟಾಪ್ ಅಡ್ಡ ಬಂದು ಬಾರ್ ಗೋಡೆಗೆ ಕೂರಲ್ಲ. ಒಂದು ಬದಿಗೆ ನಾಲ್ಕು ಇಂಚು ಸರಿಸಿ, ಸ್ವಿಚ್ಚಿಗೆ ಕೈ ಎಟುಕಲಿ. ಕಾರ್ಡನ್ನೇ ನೇರವಾಗಿ ಗೋಡೆಯಲ್ಲಿ ಹೂತು ಸಿಮೆಂಟ್ ಮೆತ್ತುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಕೆಟ್ಟರೆ ತೆಗೆಯೋಕಾಗಲ್ಲ, ಯಾರಾದರೂ ಮೊಳೆ ಹೊಡೆದರೆ ನೇರ ಅದಕ್ಕೇ.

ಗೋಡೆ ಕತ್ತರಿಸುವಾಗಲೇ, ಟಿವಿ ಸದ್ದನ್ನು ಬಾರ್‌ಗೆ ತರುವ ಎಚ್‌ಡಿಎಂಐ ಕೇಬಲ್ಲಿಗೆ ಬೇರೆ ಪೈಪ್ ಹಾಕಿಸಿಕೊಳ್ಳಿ. ಎಚ್‌ಡಿಎಂಐ ತಲೆಯೇ ಸುಮಾರು 2 ಸೆಂಟಿಮೀಟರ್ ಅಗಲ. 1 ಇಂಚಿನ ಪೈಪಿನ ಬೆಂಡಿನಲ್ಲಿ ಸಿಕ್ಕಿಕೊಂಡು ಆ ಕಡೆಗೂ ಬರಲ್ಲ, ಈ ಕಡೆಗೂ ಬರಲ್ಲ. 2 ಇಂಚಿನ ಪೈಪ್ ಹಾಕಿಸಿ. ಕರೆಂಟ್ ವೈರನ್ನು ಅದೇ ಪೈಪಿಗೆ ತುರುಕಬೇಡಿ. ಆಪ್ಟಿಕಲ್ ಕೇಬಲ್ ಆದರೆ ಮಡಿಸಬೇಡಿ, ದೊಡ್ಡ ಸುತ್ತಿನಲ್ಲಿ ಬಾಗಿಸಿ. ಒಳಗಿರುವುದು ಬೆಳಕು ಹರಿಯುವ ಎಳೆ, ಮುರಿದರೆ ಹೊಸದೇ ಗತಿ. ಟಿವಿಯಲ್ಲಿ ಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ತೂತಿಗೇ ಬಾರ್ ಜೋಡಿಸಿ, ಬೇರೆಯದಕ್ಕೆ ಹಾಕಿದರೆ ಟಿವಿ ಸದ್ದು ಬಾರ್‌ಗೆ ಬರಲ್ಲ.

*ಪ್ಯಾನೆಲ್ ಇರುವ ಮನೆ.* ಅಕ್ಕನ ಮನೆಯಲ್ಲಿ ಮಾಡಿದ್ದು ಹೀಗೆ. ಪ್ಯಾನೆಲ್ ಹಿಂದಿದ್ದ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಪ್ಯಾನೆಲ್ ಮುಂದಕ್ಕೆ ತರಿಸಿದೆವು. ಹಿಂದೆ ಸರಿಯಾದ ಮೆಟಲ್ ಬಾಕ್ಸ್, ಮುಂದೆ ಸಾಕೆಟ್. ಬಾರ್‌ನ ಹೊಸ ಕಾರ್ಡ್ ಮೇಲಿನ ತೂತಿನಲ್ಲಿ ಒಳಗೆ ಹೋಗಿ ಕೆಳಗಿನ ತೂತಿನಲ್ಲಿ ಹೊರಗೆ ಬಂತು, ನಡುವೆ ಒಂದೇ ಅಖಂಡ ಕಾರ್ಡ್. ತೂತಿನ ಅಂಚು ವೈರ್ ಕೊಯ್ಯದಂತೆ ವೈರ್ ಮ್ಯಾನೇಜರ್ ಅನ್ನುವ ದುಂಡು ಪ್ಲಾಸ್ಟಿಕ್ ಬಳೆ ಹಾಕಿದೆವು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಪ್ಲಗ್ ಇರುವ ಕಡೆ ಟಿವಿ ಯೂನಿಟ್ಟಿಗೆ ಸಣ್ಣ ಬಾಗಿಲು. ತೆರೆದರೆ ಎಲ್ಲ ಕೈಗೆ ಸಿಗುತ್ತೆ. ಬಾಗಿಲಿಗೆ ಗಾಳಿಯಾಡಲು ನಾಲ್ಕು ತೂತು ಹೊಡೆಸಿದೆವು, ಇಲಿ ನುಗ್ಗದಷ್ಟು ಸಣ್ಣದು.

ಯಾವ ದಾರಿ ಹಿಡಿದರೂ ಕೆಲವು ಸಣ್ಣ ವಿಷಯ. ಮಿಕ್ಕ ಕಾರ್ಡನ್ನು ಬಿಗಿಯಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಬೇಡಿ, ಸಡಿಲ ಸುತ್ತು ಸಾಕು. ಕಾರ್ಪೆಟ್ ಕೆಳಗೆ, ಬಾಗಿಲ ಸಂದಿಯಲ್ಲಿ ಎಳೆಯಬೇಡಿ. ಅಡಾಪ್ಟರ್ ಬಿಸಿಯಾಗುವುದೇ ಅದರ ಗುಣ, ಅದನ್ನು ಪಟ್ಟಿಯೊಳಗೋ ಥರ್ಮೋಕೋಲ್ ನಡುವೆಯೋ ಮುಚ್ಚಬೇಡಿ.

ಕೊರೆಯುವ ಮುಂಚೆ

ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಅದರ ಮಟ್ಟದಲ್ಲೇ ಎರಡು ಬದಿಗೆ ಪೈಪ್ ಹೋಗಿರುವ ಸಾಧ್ಯತೆ ಇದೆ. ಅಲ್ಲಿ ಡ್ರಿಲ್ ಬೇಡ.

ಮೈನ್ ಆಫ್ ಮಾಡಿದೆ, ಇನ್ನು ಭಯ ಇಲ್ಲ ಅಂದುಕೊಳ್ಳಬೇಡಿ. ಇದನ್ನು ಎರಡು ಸಲ ಓದಿ. ನಮ್ಮ ಮನೆಗಳಲ್ಲಿ ಟಿವಿ ಪಾಯಿಂಟ್ ಹೆಚ್ಚಾಗಿ ಯುಪಿಎಸ್ ಲೈನಿನಲ್ಲಿರುತ್ತೆ. ನೀವು ಮೈನ್ ಆಫ್ ಮಾಡಿದ ಕ್ಷಣ ಕರೆಂಟ್ ಹೋಯಿತು ಅಂತ ಇನ್ವರ್ಟರ್ ಆನ್ ಆಗುತ್ತೆ, ಆ ಸಾಕೆಟ್ಟಿಗೆ ಪೂರ್ತಿ ಕರೆಂಟ್ ಕೊಡುತ್ತೆ. ಇನ್ವರ್ಟರನ್ನೂ ಆಫ್ ಮಾಡಿ, ಆಮೇಲೆ ಸಾಕೆಟ್ಟಿಗೆ ಟೆಸ್ಟರ್ ಹಿಡಿಯಿರಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು ಅದರ ದೀಪ ಹತ್ತುತ್ತಾ ಅಂತ ನೋಡಿಕೊಳ್ಳುವುದು ಒಳ್ಳೆಯದು.

ಬಣ್ಣದಲ್ಲೂ ಒಂದು ಗೊಂದಲ ಇದೆ. ಕಾರ್ಡಿನ ಒಳಗೆ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಗೋಡೆಯೊಳಗಿನ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್ ಆಗಿರಬಹುದು, ನ್ಯೂಟ್ರಲ್ ಕಪ್ಪು. ಕಾರ್ಡಿನಲ್ಲಿ ನೀಲಿ ಅಂದರೆ ನ್ಯೂಟ್ರಲ್, ಗೋಡೆಯಲ್ಲಿ ನೀಲಿ ಅಂದರೆ ಶಾಕ್. ಪ್ಲಗ್ ಟಾಪ್ ಹಾಕಿ ಗೊತ್ತಿದ್ದ ಮಾತ್ರಕ್ಕೆ ಗೋಡೆಯ ವೈರಿಗೆ ಕೈ ಹಾಕಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಬಂದವರ ಕೈಯಲ್ಲಿ ಮನೆಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್) ಇದೆಯಾ ಅಂತಲೂ ನೋಡಿಸಿ. ಇಲಿ ಕಡಿದ ವೈರ್ ಮುಟ್ಟಿದಾಗ ಜೀವ ಉಳಿಸುವುದು ಅದೇ. ಮನೆಯ ಎಲ್ಲ ದೀಪವೂ ಒಮ್ಮೆ ಮಂಕಾಗಿ ಒಮ್ಮೆ ಪ್ರಖರವಾಗುತ್ತಿದ್ದರೆ ಅದು ಕಾರ್ಡಿನ ದೋಷ ಅಲ್ಲ, ಎಲ್ಲಾ ಪ್ಲಗ್ ಕಿತ್ತು ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಹಾಕಿದ ಮೇಲೆ

ಒಂದು ಗಂಟೆ ಹಾಡು ಹಾಕಿ ಬಿಡಿ. ಆಮೇಲೆ ಪ್ಲಗ್ಗನ್ನು ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ. ಅಡಾಪ್ಟರ್ ಬೆಚ್ಚಗಿರಬಹುದು. ಪ್ಲಗ್ ಬೆಚ್ಚಗಿರಬಾರದು. ಬೆಚ್ಚಗಿದ್ದರೆ ಸಾಕೆಟ್ ಸಡಿಲ. ಟಿವಿ ಆಫ್ ಮಾಡಿ ಮನೆ ನಿಶ್ಶಬ್ದ ಇದ್ದಾಗ ಹತ್ತಿರ ಕಿವಿ ಕೊಡಿ. ಚಿಟಿಚಿಟಿ ಸದ್ದು ಬಂದರೆ ಬಿಚ್ಚಿಸಿ ನೋಡಿ, ಕೆಲವು ಸಲ ಇರುವೆ ಗೂಡು ಸಿಗುತ್ತೆ. ಕರೆಂಟ್ ಹೋದಾಗ ಮಾತ್ರ ಸಬ್‌ವೂಫರ್ ಗುಂಯ್ ಅನ್ನುತ್ತಿದ್ದರೆ ಅದು ಸ್ಕ್ವೇರ್ ವೇವ್ (ನಯವಾದ ಅಲೆಯ ಬದಲು ಚೌಕ ಅಲೆಯ ಕರೆಂಟ್ ಕೊಡುವ) ಇನ್ವರ್ಟರಿನ ಸದ್ದು ಇರಬಹುದು. ಕಾರ್ಡ್ ಬದಲಿಸಿ ಉಪಯೋಗ ಇಲ್ಲ.

ಗುಡುಗು ಸಿಡಿಲು ಇದ್ದಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಸಿಡಿಲಿಗೆ ಸ್ವಿಚ್ಚಿನೊಳಗಿನ ಸಂದು ಒಂದು ಲೆಕ್ಕವಲ್ಲ. ಡಿಶ್ ಅಥವಾ ಕೇಬಲ್ ವೈರನ್ನೂ ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಿ. ಆ ದಾರಿಯಲ್ಲಿ ಬಂದದ್ದು ಎಚ್‌ಡಿಎಂಐ ಮೂಲಕ ಟಿವಿಗೂ ಬಾರ್‌ಗೂ ಹೋಗುತ್ತೆ. ಮೋಡ ತಲೆಯ ಮೇಲೆ ಬರುವ ಮುಂಚೆ ಇದನ್ನು ಮುಗಿಸಿ. ಸಿಡಿಲು ಹೊಡೆಯಲು ಶುರುವಾದ ಮೇಲೆ ವೈರ್ ಮುಟ್ಟಲು ಹೋಗಬೇಡಿ.

ಕಳೆದ ಏಪ್ರಿಲ್‌ನಲ್ಲಿ ಒಂದು ಸಂಜೆ ಅಲ್ಲೇ ಇದ್ದೆ. ದೇವರಾಯನದುರ್ಗದ ಕಡೆ ಆಕಾಶ ಕಪ್ಪಾಯಿತು. ಧಾರಾವಾಹಿಯಲ್ಲಿ ಮದುವೆ ಮುರಿದು ಬೀಳುವ ಹೊತ್ತು. ಅಕ್ಕ ಎದ್ದಳು, ಸಣ್ಣ ಬಾಗಿಲು ತೆರೆದಳು, ಒಂದಾದ ಮೇಲೊಂದು ಐದೂ ಪ್ಲಗ್ ಕಿತ್ತಳು. ಟಿವಿ ಕಪ್ಪಾಯಿತು. "ಇನ್ನೂ ಒಂದು ಹನಿ ಬಿದ್ದಿಲ್ಲ ಕಣೇ, ಐದು ನಿಮಿಷ ತಡೀಬಾರ್ದಿತ್ತಾ" ಅಂದರು ಭಾವ. ಅಕ್ಕ ಬಾಗಿಲು ಮುಚ್ಚಿ, ಆರಿದ ಬಟ್ಟೆ ತರಲು ಮಹಡಿ ಹತ್ತಿದಳು.